ಒದ್ದೆ ಸೀರೆ ಮತ್ತು ನೋಟದ ಹೊಣೆ

ಬೆತ್ತಲೆ ಮೈಯನ್ನು ಚಿತ್ರಿಸುವುದು ಅಸಭ್ಯವೋ, ಒದ್ದೆ ಸೀರೆ ಅಂಟಿದ ಮೈಯನ್ನು ಚಿತ್ರಿಸುವುದೋ? ಬಟ್ಟೆ ಇದ್ದರೆ ಮರ್ಯಾದೆ ಇದೆ ಎಂಬುದು ನಮಗೆ ಸುಲಭವಾಗಿ ಒದಗುವ ಉತ್ತರ. ಕಲ್ಕತ್ತೆಯ ಹೇಮೇಂದ್ರನಾಥ ಮಜುಂದಾರರ (1894–1948) ಚಿತ್ರಗಳ ಮುಂದೆ ಆ ಉತ್ತರ ಅಲುಗಾಡುತ್ತದೆ.

ಅವನೀಂದ್ರನಾಥ ಠಾಕೂರರ ಬಂಗಾಳ ಶೈಲಿ ಮೆರೆಯುತ್ತಿದ್ದ ಕಾಲದಲ್ಲಿ ಮಜುಂದಾರ್ ಪಾಶ್ಚಾತ್ಯ ಬಗೆಯ ನೈಜ ಚಿತ್ರಣವನ್ನೇ ಹಿಡಿದರು. 1921ರ 'ಪಲ್ಲಿಪ್ರಾಣ'ದಿಂದ ಅವರ ಹೆಸರು ಸ್ನಾನ ಮುಗಿಸಿ ಬರುವ, ಒದ್ದೆ ಸೀರೆಯ ಹೆಂಗಸಿನ ಜೊತೆ ಸೇರಿಹೋಯಿತು. ಸ್ವೀಡನ್ನಿನ ಆಂಡರ್ಸ್ ಸೋರ್ನ್ 1888ರಲ್ಲಿ ಸ್ಟಾಕ್‌ಹೋಮ್ ಬಳಿಯ ದ್ವೀಪಸಮೂಹದಲ್ಲಿ ಬರೆದ ಚಿತ್ರದಲ್ಲಿ ಸಮುದ್ರದಂಚಿನ ಬಂಡೆಗಳ ಮೇಲೆ ಹೆಂಗಸರು ಪೂರ್ತಿ ಬೆತ್ತಲಾಗಿದ್ದಾರೆ. ಬಂಡೆ, ನೀರು, ಮೈ ಎಲ್ಲದರ ಮೇಲೂ ಒಂದೇ ಬೆಳಕು. ಅಲ್ಲಿ ಬಚ್ಚಿಡುವ ಗೋಜಿಲ್ಲ. ಮಜುಂದಾರರಲ್ಲಿ ಬಟ್ಟೆ ಇದೆ, ಆದರೆ ಅದು ಮುಚ್ಚುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಅವಳಿಗೆ ನಾವು ನೋಡುತ್ತಿರುವುದು ಗೊತ್ತಿಲ್ಲ. ನಾವು ಮರೆಯಲ್ಲಿ ನಿಂತವರಾಗುತ್ತೇವೆ.

ಮಾದರಿಯಾಗಿ ನಿಂತವರು ಅವರ ಹೆಂಡತಿಯೇ ಎನ್ನುತ್ತಾರೆ. ಒಪ್ಪಿ ನಿಂತಮೇಲೆ ತಪ್ಪೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಪ್ಪಿಗೆ ಕೋಣೆಯೊಳಗಿನ ಇಬ್ಬರ ನಡುವಿನದು. ಚಿತ್ರದೊಳಗಿನವಳು ಮಾತ್ರ ಯಾರಿಗೂ ಒಪ್ಪಿಗೆ ಕೊಟ್ಟವಳಲ್ಲ. ಅವಳ ಅರಿವಿಲ್ಲದಿರುವಿಕೆಯೇ ಚಿತ್ರದ ಸೊಗಸು. ಆ ಸೊಗಸು ನಿಜ. ಜೊತೆಗೆ ಅದು ಕಲಿಸುವ ಕದ್ದು ನೋಡುವ ಅಭ್ಯಾಸವೂ ನಿಜ.

ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ಉಡುಗೆ ತೊರೆದ ಅಕ್ಕಮಹಾದೇವಿ ಕೂದಲಿನಿಂದ ಏಕೆ ಮೈ ಮರೆಸಿಕೊಂಡಳೆಂದು ಶೂನ್ಯಸಂಪಾದನೆಯಲ್ಲಿ ಅಲ್ಲಮ ಕೇಳುತ್ತಾನೆ. ತನಗಾಗಿ ಅಲ್ಲ, ನೋಡುವವರು ನೋಯದಿರಲೆಂದು ಎಂಬುದು ಅವಳ ಉತ್ತರದ ತಿರುಳು. ತೊಡಕಿರುವುದು ಮೈಯಲ್ಲಲ್ಲ, ನೋಟದಲ್ಲಿ ಎಂದು ಇದರಿಂದ ತಿಳಿಯುತ್ತದೆ. ಆದರೂ ಆ ನೋಟದ ಭಾರ ಹೊತ್ತವಳು ಅವಳೇ.

ಭಾರವನ್ನು ನೋಡುವವರ ಹೆಗಲಿಗೆ ದಾಟಿಸಲಾಗದೇ? ಬಾಬುಘಾಟ್‌ನ ಬೆಳಗನ್ನು ಗಮನಿಸಿ. ಗಂಡಸರು, ಹೆಂಗಸರು ಬಯಲಿನಲ್ಲೇ ಮೀಯುತ್ತಾರೆ, ಸೀರೆ ಬದಲಿಸುತ್ತಾರೆ. ಗೋಡೆಯಿಲ್ಲ. ಪಕ್ಕದವರು ಕಣ್ಣು ತಿರುಗಿಸುವುದೇ ಅಲ್ಲಿನ ಗೋಡೆ. ಆ ಗೋಡೆ ಕಟ್ಟಲು ನೂರು ಜನ ಬೇಕು, ಒಡೆಯಲು ಒಂದು ಮೊಬೈಲ್ ಸಾಕು. ಈ ಊರಿಗೆ ಹೊರಗಿನಿಂದ ಬಂದ ನಮಗೆ ಎಲ್ಲವೂ ನೋಡತಕ್ಕದ್ದಾಗಿ ಕಾಣುತ್ತದೆ. ಊರು ನಮ್ಮದಾಗುವುದು ಯಾವಾಗ ನೋಡಬಾರದೆಂದು ತಿಳಿದ ಮೇಲೆ.