ಹೂತಿಟ್ಟ ವಿಷವು ಯಾರದು?

ಒಬ್ಬನು ತನ್ನ ಹೊಲದಲ್ಲಿ ವಿಷವನ್ನು ಹೂತು, ಮೇಲೆ ಮಣ್ಣು ಮುಚ್ಚಿ, ಆ ಹೊಲವನ್ನು ಮತ್ತೊಬ್ಬನಿಗೆ ಕ್ರಯಕ್ಕೆ ಕೊಟ್ಟನೆನ್ನೋಣ. ತರುವಾಯ ನೆರೆಯವರ ನೀರು ಕೆಟ್ಟರೆ ಹೊಣೆಯು ಯಾರ ಮೇಲಿರುವದು? ಹೂತವನ ಮೇಲೋ, ಕೊಂಡವನ ಮೇಲೋ? ಇದು ಬರಿಯ ತರ್ಕದ ಮಾತಲ್ಲ. ಅಮೇರಿಕಾ ದೇಶದ ನಯಾಗರಾ ಫಾಲ್ಸ್ ಎಂಬ ಪಟ್ಟಣದವರು ಇದಕ್ಕೆ ಉತ್ತರವನ್ನು ಬಹು ಕಷ್ಟದಿಂದ ಕಲಿತರು.

ಅಲ್ಲಿ ಲವ್ ಎಂಬವನು ತೋಡಿಸತೊಡಗಿ ಅರ್ಧಕ್ಕೇ ಬಿಟ್ಟ ಒಂದು ಕಾಲುವೆಯಿತ್ತು. 1942ರಿಂದ 1953ರ ವರೆಗೆ ಹೂಕರ್ ಕಂಪೆನಿಯ ರಸಾಯನ ಕಾರಖಾನೆಯವರು ಅದರಲ್ಲಿ ಸುಮಾರು 21,000 ಟನ್ ವಿಷದ ಕಸವನ್ನು ಹೂತರು. ಬಳಿಕ ಅದರ ಮೇಲೆ ಮಣ್ಣು ಮುಚ್ಚಿ, ಆ ನೆಲವನ್ನು ಊರಿನ ಶಾಲಾ ಮಂಡಲಿಗೆ ಒಂದೇ ಡಾಲರಿಗೆ ಕೊಟ್ಟರು. ಇಲ್ಲಿ ರಸಾಯನದ ಕಸವುಂಟು, ಮುಂದೆ ಯಾರಿಗೆ ಹಾನಿಯಾದರೂ ನಾವು ಹೊಣೆಯಲ್ಲ ಎಂದು ಕ್ರಯಪತ್ರದಲ್ಲಿ ಬರೆಯಿಸಿದರು. ಮಂಡಲಿಯವರು ಇದನ್ನು ತಿಳಿದೂ ಅಲ್ಲಿ ಶಾಲೆಯನ್ನು ಕಟ್ಟಿಸಿದರು. ಸುತ್ತಲೂ ಮನೆಗಳು ಎದ್ದವು. ಆ ಮನೆಗಳಲ್ಲಿದ್ದ ಅನೇಕರಿಗೆ ಆ ಕಾಗದದ ಸಂಗತಿಯೇ ತಿಳಿದಿರಲಿಲ್ಲ.

ಆದರೆ ನೀರು ಕ್ರಯಪತ್ರವನ್ನು ಓದುವದಿಲ್ಲ. ಮಳೆಯೂ ಕರಗಿದ ಹಿಮವೂ ನೆಲಕ್ಕೆ ಇಳಿದು, ತುಕ್ಕುಹಿಡಿದ ಪೀಪಾಯಿಗಳ ರಸವನ್ನು ಕೂಡಿಸಿಕೊಂಡು, ಮನೆಗಳ ನೆಲಮಾಳಿಗೆಗಳಲ್ಲಿ ಜಿನುಗಿದವು. 1978ನೆಯ ಅಗೋಸ್ತು ತಿಂಗಳಲ್ಲಿ ಆರೋಗ್ಯಾಧಿಕಾರಿಯು, ಗರ್ಭಿಣಿಯರೂ ಎರಡು ವರುಷದೊಳಗಿನ ಕೂಸುಗಳೂ ಅಲ್ಲಿಂದ ಹೊರಡುವದು ಒಳ್ಳೆಯದೆಂದು ಸಾರಿದನು. ಲೋಯಿಸ್ ಗಿಬ್ಸ್ ಎಂಬ ಒಬ್ಬ ತಾಯಿಯು ಮನೆಮನೆಗೆ ಹೋಗಿ ನೆರೆಯವರನ್ನು ಒಟ್ಟುಗೂಡಿಸಿ ನ್ಯಾಯಕ್ಕಾಗಿ ಮೊರೆಯಿಟ್ಟಳು. ಕಡೆಗೆ ಎಂಟು ನೂರಕ್ಕೂ ಹೆಚ್ಚು ಕುಟುಂಬಗಳವರು ಮನೆಮಾರು ಬಿಟ್ಟು ಹೋದರು.

ಇಂಥ ಕೇಡನ್ನು ಸರಿಪಡಿಸುವ ಬಗೆ ಹೇಗಂದರೆ, ಮೊದಲು ನೆಲವನ್ನು ಅಲ್ಲಲ್ಲಿ ಕೊರೆದು, ಮಣ್ಣನ್ನೂ ನೀರನ್ನೂ ಪರೀಕ್ಷಿಸಿ, ವಿಷವು ಎಲ್ಲಿಯ ವರೆಗೆ ಹೋಗಿದೆ, ನೀರು ಯಾವ ಕಡೆಗೆ ಹರಿಯುತ್ತದೆ ಎಂಬದನ್ನು ಗೊತ್ತುಮಾಡಬೇಕು. ಆ ಸ್ಥಳದಲ್ಲಿ ಸುತ್ತಲೂ ಅಗಳನ್ನು ತೋಡಿ, ತೂತುಳ್ಳ ಕೊಳವೆಗಳನ್ನಿಟ್ಟು, ಕೆಟ್ಟ ನೀರನ್ನು ಸೆಳೆದು ಶುದ್ಧಿಮಾಡತೊಡಗಿದರು. ಸುಮಾರು 40 ಎಕರೆ ನೆಲಕ್ಕೆ ಮಳೆನೀರು ಇಳಿಯದಂತೆ ಹೊದಿಕೆ ಹಾಸಿದರು. ಹೂತ ಕಸವು ಈಗಲೂ ಅಲ್ಲಿಯೇ ಇದೆ. 2004ರಲ್ಲಿ ಸರಕಾರವು ಅಪಾಯದ ಸ್ಥಳಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆದರೂ, ನೀರನ್ನು ಶುದ್ಧಿಮಾಡುವ ಕೆಲಸವೂ ಕಾವಲೂ ನಿಂತಿಲ್ಲ. ಹನ್ನೊಂದು ವರುಷ ಹೂತದ್ದನ್ನು ಎಷ್ಟು ತಲೆಗಳು ಕಾಯಬೇಕೋ!

ಆಗಿನ ಕಾನೂನು ಅದನ್ನು ತಡೆಯಲಿಲ್ಲ, ನಾವು ಎಚ್ಚರಿಕೆಯನ್ನೂ ಕೊಟ್ಟೆವು ಎಂದು ಕಾರಖಾನೆಯವರು ಹೇಳಿದರು. ಇದು ಸುಳ್ಳಲ್ಲ, ತಿಳಿದೂ ಶಾಲೆ ಕಟ್ಟಿದವರ ತಪ್ಪೂ ಸಣ್ಣದಲ್ಲ. ಆದರೆ ಎಚ್ಚರಿಕೆಯು ಕೊಂಡವನಿಗೆ ಮುಟ್ಟಿತು, ಕೇಡು ಏನೂ ಅರಿಯದ ಕೂಸಿನ ತೊಟ್ಟಿಲ ಬಳಿಗೆ ಬಂತು. ಮೂರನೆಯವನಿಗೆ ಆಗುವ ಹಾನಿಯನ್ನು ಇಬ್ಬರು ಕೂಡಿ ಬರೆದ ಕಾಗದದಿಂದ ಅಳಿಸಲಾದೀತೇ? ನೆಲವನ್ನು ಮಾರಬಹುದು, ಹೊಣೆಯನ್ನು ಮಾರಕೂಡದು. 1980ರಲ್ಲಿ ಆ ದೇಶದವರು ಮಾಡಿದ ಕಾನೂನು ಇದನ್ನೇ ಹೇಳುತ್ತದೆ: ಕಸವನ್ನು ಹಾಕಿದವನೂ ನೆಲದ ಒಡೆಯನೂ ಶುದ್ಧಿಯ ವೆಚ್ಚಕ್ಕೆ ಹೊಣೆಗಾರರು. 1995ರಲ್ಲಿ, ಹೂಕರ್ ಕಂಪೆನಿಯನ್ನು ಕೊಂಡಿದ್ದ ಆಕ್ಸಿಡೆಂಟಲ್ ಕಂಪೆನಿಯವರು ಸರಕಾರಕ್ಕೆ 12 ಕೋಟಿ 90 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಿದರು. ಒಂದು ಡಾಲರಿನ ಕ್ರಯವು ಅಲ್ಲಿಗೆ ಬಂದು ಮುಟ್ಟಿತು.

ಇದು ದೂರದೇಶದ ದೊಡ್ಡವರ ಸಂಗತಿ, ನಮಗೇನು ಎನ್ನಬೇಡಿರಿ. ಬೆಳೆಗೆ ಹೊಡೆದು ಉಳಿದ ಹುಳದ ಔಷಧವನ್ನು ಹಳ್ಳದ ದಡದಲ್ಲಿ ಚೆಲ್ಲುವವನೂ, ಅದರ ಡಬ್ಬಿಯನ್ನು ಬಾವಿಯ ಬಳಿಯಲ್ಲಿ ಹೂಳುವವನೂ ನಮ್ಮ ಊರುಗಳಲ್ಲಿ ಇಲ್ಲವೋ? ಹೊಲ ನನ್ನದು ಎಂದು ಅವನು ಹೇಳುವನು. ಹೊಲವು ಅವನದೇ ಸರಿ. ಅದರ ಕೆಳಗೆ ಹರಿಯುವ ನೀರು ಊರಿನದು.