ಕಾಣದ್ದಕ್ಕೆ ಮದ್ದು ಕೊಡಬಹುದೇ?

ಭದ್ರಾ ಅಣೆಕಟ್ಟೆಯ ಲಕ್ಕವಳ್ಳಿಯಲ್ಲಿ ಒಂದು ಮನೆ ಎಂದುಕೊಳ್ಳೋಣ. ಅಜ್ಜನಿಗೆ ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಗಿದೆ. ಅವರ ಮಗ್ಗುಲಲ್ಲೇ ಮಲಗುವ ಮೂರು ವರ್ಷದ ಮೊಮ್ಮಗುವಿಗೆ ಎರಡು ವಾರ ದಾಟಿದ ಕೆಮ್ಮು, ಬಿಟ್ಟುಬಿಟ್ಟು ಬರುವ ಜ್ವರ. ತೂಕವಂತೂ ಏರುತ್ತಲೇ ಇಲ್ಲ. ತರೀಕೆರೆಗೆ ಕರೆದೊಯ್ದು ಪರೀಕ್ಷಿಸಿದರೆ ರೋಗಾಣು ಸಿಗುವುದಿಲ್ಲ. ಚಿಕಿತ್ಸೆ ಶುರುಮಾಡಬೇಕೇ, ಸಾಕ್ಷಿ ಸಿಗುವತನಕ ಕಾಯಬೇಕೇ? ವೈದ್ಯರಷ್ಟೇ ಬಿಡಿಸಬೇಕಾದ ಒಗಟಿನಂತೆ ಕಂಡರೂ ಇದು ನಮ್ಮ ದರ್ಶನಕಾರರು ಶತಮಾನಗಟ್ಟಲೆ ವಾದಿಸಿದ ಪ್ರಶ್ನೆ: ಪ್ರತ್ಯಕ್ಷವೊಂದೇ ಪ್ರಮಾಣವೇ? ಚಾರ್ವಾಕರು ಹೌದೆಂದರು. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನರಿಯುವ ಅನುಮಾನವೂ ಪ್ರಮಾಣವೇ ಎಂದರು ನೈಯಾಯಿಕರು. ಮಕ್ಕಳ ಕ್ಷಯದ ವಿಷಯದಲ್ಲಿ ನೈಯಾಯಿಕರ ಪಕ್ಷವೇ ಸರಿ, ಅದೇ ಧರ್ಮವೂ ಹೌದು.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ಮೇಲೆ, ಕಂಡರೆ ಮಾತ್ರ ರೋಗ ಎಂಬ ನಂಬಿಕೆ ಬಲವಾಯಿತು. ದೊಡ್ಡವರಿಗೆ ಅದು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಎಳೆಯ ಮಕ್ಕಳ ದೇಹದಲ್ಲಿ ರೋಗಾಣುಗಳೇ ಕಡಿಮೆ. ಕಫವನ್ನು ಅವರು ಉಗುಳುವುದಿಲ್ಲ, ನುಂಗುತ್ತಾರೆ. ಹಾಗಾಗಿ ಬರಿಹೊಟ್ಟೆಯ ಜಠರರಸ ಅಥವಾ ಮಲವನ್ನು ತೆಗೆದು ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಅಷ್ಟಾದರೂ ರೋಗವಿರುವ ಬಹುಪಾಲು ಮಕ್ಕಳಲ್ಲಿ ಉತ್ತರ ನೆಗೆಟಿವ್ ಎಂದೇ ಬರುತ್ತದೆ. ಕಾಣಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಇತ್ತ ಐದು ವರ್ಷದೊಳಗಿನವರಲ್ಲಿ ರೋಗ ಬೇಗನೆ ಮಿದುಳಿನ ಪೊರೆಗೂ ಹಬ್ಬಬಲ್ಲದು. 2015ರಲ್ಲಿ ಜಗತ್ತಿನಾದ್ಯಂತ ಕ್ಷಯದಿಂದ ಸತ್ತ ಮಕ್ಕಳು ಸುಮಾರು 2,39,000 ಎಂದು ಒಂದು ಅಂದಾಜು. ಅವರಲ್ಲಿ ಶೇ 96ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಹಾಗಾದರೆ ಕೆಮ್ಮಿದ ಮಗುವಿಗೆಲ್ಲ ಟಿಬಿ ಮಾತ್ರೆಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಔಷಧಿ ಯಕೃತ್ತಿಗೆ ತೊಂದರೆ ಕೊಡಬಹುದು, ಟಿಬಿ ಎಂಬ ಹೆಸರು ಮನೆಗೆ ಕಳಂಕ ತರಬಹುದು. ಇದಕ್ಕೆ ಉತ್ತರ ನ್ಯಾಯಶಾಸ್ತ್ರದ ಶಿಸ್ತಿನಲ್ಲೇ ಇದೆ. ಬೇರೆಡೆಯೂ ಇರಬಲ್ಲ ಕುರುಹನ್ನು ಅದು ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ಹುಸಿ ಕಾರಣವೆಂದು ತಳ್ಳಿಹಾಕುತ್ತದೆ. ಕೆಮ್ಮು ನ್ಯುಮೋನಿಯಾದಲ್ಲೂ ಇದೆ; ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಸೋಂಕನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ. ರೋಗಿಯ ಸಹವಾಸ, ಬಿಡದ ಲಕ್ಷಣ, ನಿಂತ ತೂಕ, ಎಕ್ಸ್‌ರೇ ಎಲ್ಲವೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ಅನುಮಾನಕ್ಕೆ ಬಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಸೂಚಿಸಿದ ನಿರ್ಣಯಕ್ರಮವೂ ಇಂಥ ಕುರುಹುಗಳನ್ನು ಕೂಡಿಸಿಯೇ ತೂಗುತ್ತದೆ. ಮದ್ದು ಶುರುವಾದ ಮೇಲೂ ತೂಕ, ಜ್ವರ ನೋಡುತ್ತಿರಬೇಕು. ಗುಣ ಕಾಣದಿದ್ದರೆ ನಿರ್ಣಯವನ್ನು ಮತ್ತೆ ಕೆದಕಬೇಕು. ಯಕೃತ್ತಿನ ತೊಂದರೆ ದೊಡ್ಡವರಿಗಿಂತ ಮಕ್ಕಳಲ್ಲಿ ಕಡಿಮೆ. ತೀವ್ರವಲ್ಲದ ರೋಗಕ್ಕೆ ಆರು ತಿಂಗಳ ಬದಲು ನಾಲ್ಕು ತಿಂಗಳ ಮಾತ್ರೆಯೂ ಸಾಕೆಂದು ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ನಡೆದ ಶೈನ್ ಅಧ್ಯಯನ ತೋರಿಸಿದೆ.

ಸಂದೇಹ ಪೂರ್ತಿ ಅಳಿದಿಲ್ಲವಲ್ಲ ಎನ್ನುವವರಿಗೆ ಹತ್ತನೆಯ ಶತಮಾನದ ನೈಯಾಯಿಕ ಉದಯನಾಚಾರ್ಯನ ವಿಚಾರವಿದೆ: ನಮ್ಮ ನಡೆಗೇ ವಿರುದ್ಧವಾಗುವಲ್ಲಿಗೆ ಶಂಕೆ ನಿಲ್ಲಬೇಕು. ಹಸಿವು ಹಿಂಗೀತೇ ಎಂಬ ಸಂಶಯಕ್ಕೆ ಯಾರೂ ಊಟ ಬಿಡುವುದಿಲ್ಲ. ಇನ್ನು ಮಗುವಿನ ಕಾಯಿಲೆ ಪೂರ್ವಜನ್ಮದ ಫಲ ಎನ್ನುವ ಸಮಾಧಾನ. ಕರ್ಮವನ್ನು ಒಪ್ಪುವ ಶಾಸ್ತ್ರಗಳೂ ಪುರುಷಪ್ರಯತ್ನವನ್ನು ಬಿಡಿಸಿಲ್ಲ. ಮೇಲಾಗಿ ಎಳೆಯ ಮಗುವಿಗೆ ಕ್ಷಯ ತಗುಲಿದೆಯೆಂದರೆ ಅದು ಹತ್ತಿರದಲ್ಲೇ ಕೆಮ್ಮುತ್ತಿರುವ ದೊಡ್ಡವರೊಬ್ಬರಿಂದ, ಈಚೆಗೆ ಬಂದದ್ದೇ ಹೆಚ್ಚು. ಕಾರಣವನ್ನು ಹುಡುಕಬೇಕಾದದ್ದು ಹಿಂದಿನ ಜನ್ಮದಲ್ಲಲ್ಲ, ಅದೇ ಮನೆಯಲ್ಲಿ.

ಕಾಯುವುದೂ ಒಂದು ತೀರ್ಮಾನವೇ. ಅದರ ಹೊಣೆಯೂ ನಮ್ಮದೇ. ಮನೆಯಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಮಕ್ಕಳನ್ನೆಲ್ಲ ತಪಾಸಣೆಗೆ ಕರೆದೊಯ್ಯಿರಿ. ರೋಗವಿಲ್ಲದ ಎಳೆಯರಿಗೆ ಬಾರದಂತೆ ತಡೆಯುವ ಮಾತ್ರೆ ಕೇಳಿ, ರೋಗದ ಕುರುಹು ಕೂಡಿಬಂದ ಮಗುವಿಗೆ ಚಿಕಿತ್ಸೆಯನ್ನು ತಡಮಾಡಬೇಡಿ.