ಗರ್ಭಿಣಿಯ ಉಪವಾಸವೂ ಅಹಿಂಸಾಣುವ್ರತವೂ

ಭಾದ್ರಪದ ಶುಕ್ಲ ಪಂಚಮಿ ಸಮೀಪಿಸಿದೊಡನೆ ಶ್ರಾವಕರ ಮನೆಗಳಲ್ಲಿ ದಶಲಕ್ಷಣ ಪರ್ವದ ಸಿದ್ಧತೆ ಮೊದಲಾಗುತ್ತದೆ. ಯಾರಿಗೆ ಉಪವಾಸ, ಯಾರಿಗೆ ಏಕಾಶನ ಎಂಬ ಮಾತು ಬಂದಾಗ ಮನೆಯ ಗರ್ಭಿಣಿ ಸೊಸೆ ಸಂಕೋಚದಿಂದ ಸುಮ್ಮನಿರುತ್ತಾಳೆ. ಕೆಲವೊಮ್ಮೆ ವ್ರತಭಂಗದ ಭಯದಿಂದ ಅವಳೇ ಉಪವಾಸಕ್ಕೆ ಮುಂದಾಗುತ್ತಾಳೆ. ಆ ಶ್ರದ್ಧೆ ಶ್ಲಾಘ್ಯವೇ. ಆದರೆ ಆಗ ಹಸಿದಿರುವವಳು ಅವಳೊಬ್ಬಳೇ ಅಲ್ಲವಷ್ಟೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತಿಳಿಸುತ್ತದೆ. ಅವುಗಳಲ್ಲಿ ಕೊನೆಯದು ಅನ್ನಪಾನನಿರೋಧ, ಎಂದರೆ ತನ್ನ ಆಶ್ರಯದಲ್ಲಿರುವ ಜೀವಕ್ಕೆ ಅನ್ನನೀರು ದೊರೆಯದಂತೆ ತಡೆಯುವುದು. ಕೊಟ್ಟಿಗೆಯ ಹಸುವಿಗೆ ಮೇವು ತಪ್ಪಿದರೆ ಈ ಅತಿಚಾರವನ್ನು ನೆನೆದು ನಡುಗುವ ಗೃಹಸ್ಥನು ಗರ್ಭಸ್ಥ ಶಿಶುವನ್ನು ಮರೆಯಬಹುದೇ? ಪ್ರತ್ಯಾಖ್ಯಾನವನ್ನು ಸ್ವೀಕರಿಸಿದವಳು ತಾಯಿ, ಶಿಶುವಲ್ಲ. ದಿನ ತುಂಬುತ್ತಿರುವ ಗರ್ಭಿಣಿಯು ನಿರಾಹಾರಳಾಗಿದ್ದರೆ ಇತರರಿಗಿಂತ ಬೇಗನೆ ರಕ್ತದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ಮಾತನ್ನು ಸೇರಿಸಿರುವುದು ಅಲಂಕಾರಕ್ಕಾಗಿ ಅಲ್ಲ.

ರಾತ್ರಿಭೋಜನತ್ಯಾಗವನ್ನು ಆರೋಗ್ಯವಂತಳಾದ ಗರ್ಭಿಣಿ ಪಾಲಿಸಬಹುದು. ಆದರೆ ಸಂಜೆಯ ಊಟವನ್ನು ಅವಸರದಲ್ಲಿ ಮುಗಿಸದೆ ತೃಪ್ತಿಯಾಗಿ ಉಣ್ಣಬೇಕು. ಬೆಳಿಗ್ಗೆ ಪೂಜೆ ಮುಗಿಯಲೆಂದು ಅವಳನ್ನು ಕಾಯಿಸಬಾರದು. ಮಧುಮೇಹವಿದ್ದವರಿಗೆ ರಾತ್ರಿಯ ದೀರ್ಘ ಅಂತರ ಹಿತವಾಗದಿರಬಹುದು. ನಿಯಮವನ್ನು ವೈದ್ಯರಿಂದ ಮುಚ್ಚಿಡುವುದರಿಂದ ಧರ್ಮವೂ ಉಳಿಯದು, ದೇಹವೂ ಉಳಿಯದು.

ಕಂದಮೂಲಗಳಿಲ್ಲದ ಅಡಿಗೆಯಿಂದ ಪೋಷಣೆಗೆ ಕೊರತೆಯಿಲ್ಲ. ರಾಗಿಯಲ್ಲಿ ಸುಣ್ಣದಂಶವಿದೆ, ಹೆಸರು, ತೊಗರಿ, ಕಡಲೆಗಳಲ್ಲಿ ಸಸಾರಜನಕವಿದೆ. ಬಿ-12 ಜೀವಸತ್ವ ಮಾತ್ರ ಕಾಳುಪಲ್ಯಗಳಲ್ಲಿ ದೊರೆಯದು, ಹಾಲುಮೊಸರುಗಳಲ್ಲಿ ದೊರೆಯುತ್ತದೆ. ಆದ್ದರಿಂದ ರಸಪರಿತ್ಯಾಗದ ಹೆಸರಿನಲ್ಲಿ ಗರ್ಭಿಣಿ ಹಾಲನ್ನು ಬಿಡುವುದು ಉಚಿತವಲ್ಲ. ನಾಲ್ಕನೆಯ ತಿಂಗಳಿಂದ 180 ದಿನ ಕೊಡುವ, 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವ ಮಾತ್ರೆಯನ್ನು ಪರ್ವದ ದಿನಗಳಲ್ಲಿಯೂ ತಪ್ಪಿಸಬಾರದು, ಕಾಫಿಯೊಡನೆ ನುಂಗಲೂಬಾರದು. ಜೆಲಟಿನ್ ಕೋಶದ ಔಷಧಿ ಬಂದರೆ ಅದು ಪ್ರಾಣಿಜನ್ಯವೇ ಎಂದು ಕೇಳಿ, ಬದಲಿ ಮಾತ್ರೆ ಬರೆಸಿಕೊಳ್ಳಬಹುದು. ವೈದ್ಯರ ಆಕ್ಷೇಪವಿಲ್ಲದಿದ್ದರೆ ಬಸದಿಗೆ ನಡೆದೇ ಹೋಗಿಬರುವುದು ಉತ್ತಮ ವ್ಯಾಯಾಮ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭಿಣಿಗಾಗಿ ಮೂರನೆಯ ತಿಂಗಳಲ್ಲಿ ಪ್ರೀತಿ, ಐದರಲ್ಲಿ ಸುಪ್ರೀತಿ, ಏಳರಲ್ಲಿ ಧೃತಿ, ಒಂಬತ್ತರಲ್ಲಿ ಮೋದವೆಂಬ ಕ್ರಿಯೆಗಳು ಬರುತ್ತವೆ. ಹೆಸರುಗಳನ್ನೇ ನೋಡಿರಿ: ಎಲ್ಲಿಯೂ ಶೋಷಣೆಯ ಸುಳಿವಿಲ್ಲ.

ಜಪ, ಸ್ವಾಧ್ಯಾಯ, ಆಹಾರದಾನ, ಕ್ರೋಧತ್ಯಾಗಗಳು ಅವಳಿಗೆ ತೆರೆದೇ ಇವೆ. ಇದನ್ನು ಮನೆಯ ಹಿರಿಯಳೇ ಮೊದಲು ಹೇಳಬೇಕು. "ಈ ವರ್ಷ ನಿನಗೆ ಉಪವಾಸ ಬೇಡಮ್ಮಾ, ಸಂಜೆಯ ಸ್ವಾಧ್ಯಾಯದಲ್ಲಿ ನೀನೇ ಓದು, ನಾವು ಕೇಳುತ್ತೇವೆ" ಎಂದು ಅತ್ತೆ ನುಡಿದರೆ ಸೊಸೆಯ ಸಂಕೋಚ ಅಲ್ಲಿಗೇ ಕಳೆಯುತ್ತದೆ.